ಕ್ರೋಶಾ ಕಡ್ಡಿಯೂ ವಿಶ್ವಾಸದ ಪಾಠವೂ: ಎಷ್ಟು ನಿಜ, ಎಷ್ಟು ಅಂಟಿಸಿದ್ದು?

ಪ್ರಶ್ನೆ: ಟೀಚರ್, ನಮ್ಮವರು ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಎರಡು ವರ್ಷದ ಹಿಂದೆ ಮಳೆಗಾಲದಲ್ಲಿ ಹೊತ್ತು ಹೋಗದೆ ಮೊಬೈಲಿನಲ್ಲಿ ನೋಡಿ ಕ್ರೋಶಾ, ಅಂದರೆ ತುದಿಗೆ ಕೊಕ್ಕೆ ಇರುವ ಒಂದೇ ಕಡ್ಡಿಯ ಹೆಣಿಗೆ, ಕಲಿತೆ. ಈಗ ಬಿಡಲಾಗದ ಹವ್ಯಾಸವಾಗಿದೆ. ಜುಲೈ 26ರಂದು, ಯೇಸುವಿನ ತಾಯಿ ಮರಿಯಮ್ಮನವರನ್ನು ಹೆತ್ತ ಸಂತ ಅನ್ನಮ್ಮನವರ ಹಬ್ಬದ ದಿನ "ಕೈಕೆಲಸದಲ್ಲಿ ಕಂಡ ವಿಶ್ವಾಸದ ಪಾಠ" ಅಂತ ಇಪ್ಪತ್ತು ನಿಮಿಷ ಮಾತಾಡಲು ನಮ್ಮ ಚರ್ಚಿನ ಮಹಿಳಾ ಸಂಘದವರು ಹೇಳಿದ್ದಾರೆ. ಹತ್ತು ಪಾಯಿಂಟ್ ಬರೆದುಕೊಂಡೆ. ಕಡ್ಡಿ ಅಂದರೆ ಪವಿತ್ರಾತ್ಮ, ದಾರ ಅಂದರೆ ನಮ್ಮ ಬದುಕು, ಕುಣಿಕೆ ಅಂದರೆ ಕುಟುಂಬ, ಹೀಗೆ. ಓದಿ ನೋಡಿದರೆ ನನಗೇ ನಂಬಿಕೆ ಬರುತ್ತಿಲ್ಲ. ತಂಗಿಯ ಮಗುವಿಗೆ ಹಾಕುತ್ತಿದ್ದ ಶಾಲು ಹದಿನಾಲ್ಕು ಸುತ್ತು ಆದಮೇಲೆ ತಪ್ಪು ಕಂಡು ಪೂರ್ತಿ ಬಿಚ್ಚಿದೆ. ಅದರಲ್ಲಿ ಏನೋ ಇದೆ ಅನ್ನಿಸುತ್ತದೆ, ಏನೆಂದು ಹೇಳಲು ಬರುತ್ತಿಲ್ಲ. ಕಸೂತಿಯ ಹಿಂಭಾಗದ ಉದಾಹರಣೆಯನ್ನೂ ಸೇರಿಸಿದ್ದೇನೆ. ಆದರೆ ಕಳೆದ ವರ್ಷ ಬೈಕ್ ಅಪಘಾತದಲ್ಲಿ ಮಗನನ್ನು ಕಳೆದುಕೊಂಡ ನನ್ನ ಗೆಳತಿ ಅಲ್ಲಿ ಕೂತಿರುತ್ತಾಳೆ. ಹೇಳಬಹುದಾ? ಇನ್ನೊಂದು ವಿಷಯ. ನಾನು ಕಡ್ಡಿ ಹಿಡಿದಾಗಲೆಲ್ಲ ಅತ್ತೆ "ಇಷ್ಟು ಹೊತ್ತಿಗೆ ಒಂದು ಜಪಸರ ಆಗುತ್ತಿತ್ತು" ಅನ್ನುತ್ತಾರೆ. ಅವರು ಹೇಳುವುದು ಸರಿಯಾ?

ಉತ್ತರ: ಹತ್ತರಲ್ಲಿ ಒಂಬತ್ತನ್ನು ಹೊಡೆದುಹಾಕಿ. ನಿಮಗೇ ಬರದ ನಂಬಿಕೆ ಕೇಳುವವರಿಗೆ ಎಲ್ಲಿಂದ ಬರಬೇಕು? ಉಳಿಯುವ ಒಂದು, ನೀವು ಬಿಚ್ಚಿದ ಆ ಶಾಲು. ಅದರ ಜೊತೆಗೆ ಇನ್ನೊಂದನ್ನು ನಾನು ಕೊಡುತ್ತೇನೆ. ಅದು ನಿಮ್ಮ ಹಬ್ಬದ ಹೆಸರಿನಲ್ಲೇ ಅಡಗಿ ಕೂತಿದೆ.

ಇಷ್ಟು ಕಡ್ಡಿ ಮುರಿದಂತೆ ಹೇಳುವುದಕ್ಕೆ ಕಾರಣ ಇದೆ. ಆ ಒಂಬತ್ತು ಪಾಯಿಂಟುಗಳನ್ನು ಒಂದು ಕಾಲಕ್ಕೆ ನಾನೂ ಬರೆದವಳೇ. 31 ವರ್ಷ ಹುಡುಗಿಯರಿಗೆ ಹೊಲಿಗೆ, ಕೈಕೆಲಸ ಕಲಿಸಿದೆ. ಭಾನುವಾರ ಪೂಜೆ ಮುಗಿದ ಮೇಲೆ ಚಿಕ್ಕ ಮಕ್ಕಳಿಗೆ ಧರ್ಮೋಪದೇಶ. ಎರಡನ್ನೂ ಒಂದೇ ಏಟಿಗೆ ಮುಗಿಸುವ ಹುಮ್ಮಸ್ಸಿನಲ್ಲಿ ಒಮ್ಮೆ ಸೂಜಿ, ದಾರ, ಬಟ್ಟೆ ಹಿಡಿದು ತರಗತಿಯ ಮುಂದೆ ನಿಂತೆ. ಸೂಜಿ ದೇವರ ವಾಕ್ಯ, ದಾರ ನಾವು, ಬಟ್ಟೆ ಧರ್ಮಸಭೆ, ಗುಂಡಿ ದೈವಾಜ್ಞೆಗಳು. ಮುಂದಿನ ಬೆಂಚಿನ ಏಳು ವರ್ಷದ ಹುಡುಗ ಎದ್ದು ನಿಂತು, "ಟೀಚರ್, ಕತ್ತರಿ ಯಾರು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಆದರೆ ಅವನ ಪ್ರಶ್ನೆಯಿಂದ ಒಂದು ತಿಳಿಯಿತು. ನಾನು ಹೇಳಿದ್ದು ಉಪಮೆಯೇ ಆಗಿರಲಿಲ್ಲ, ಸಾಮಾನುಗಳ ಮೇಲೆ ಚೀಟಿ ಅಂಟಿಸಿದ್ದೆ ಅಷ್ಟೆ. ಸೂಜಿಯ ಚೀಟಿ ಕಿತ್ತು ದಾರಕ್ಕೆ ಅಂಟಿಸಿದರೂ ಪಾಠ ನಡೆಯುತ್ತಿತ್ತು. ಹಾಗೆ ಅದಲುಬದಲು ಮಾಡಿದರೂ ನಡೆಯುತ್ತದೆ ಎಂದರೆ ಕೈಕೆಲಸಕ್ಕೂ ಪಾಠಕ್ಕೂ ಸಂಬಂಧವೇ ಇಲ್ಲ ಎಂದರ್ಥ.

ಯೇಸುಸ್ವಾಮಿ ಹೇಳುವ ರೀತಿ ನೋಡಿ. ಹಳೆಯ ಬಟ್ಟೆಗೆ ನೀರು ಕಾಣದ ಹೊಸ ಬಟ್ಟೆಯ ತೇಪೆ ಯಾರೂ ಹಾಕುವುದಿಲ್ಲ, ಹಾಕಿದರೆ ಹೊಸದು ಹಳೆಯದನ್ನು ಎಳೆದು ಹರುಕು ಇನ್ನೂ ದೊಡ್ಡದಾಗುತ್ತದೆ ಎನ್ನುತ್ತಾರೆ. ಮಾರ್ಕನ ಶುಭಸಂದೇಶದ 2ನೇ ಅಧ್ಯಾಯದಲ್ಲಿದೆ. ಇದನ್ನು ನಮಗೆ ಯಾವ ಪಂಡಿತರೂ ಬಿಡಿಸಿ ಹೇಳಬೇಕಿಲ್ಲ. ಸೀರೆಗೆ ಫಾಲ್ ಹಾಕಿಸಲು ಹೋದರೆ ಟೈಲರ್ ಮೊದಲು ಕೇಳುವುದೇ "ಫಾಲ್ ನೀರಿಗೆ ಹಾಕಿದ್ದೀರಾ ಅಕ್ಕ?" ಎಂದು. ಹಾಕದೆ ಹೊಲಿದರೆ ಮೊದಲನೇ ಒಗೆತಕ್ಕೆ ಫಾಲ್ ಕುಗ್ಗುತ್ತದೆ, ಸೀರೆಯ ಅಂಚು ಸುಕ್ಕುಸುಕ್ಕಾಗಿ ಮೇಲಕ್ಕೆ ಎದ್ದು ನಿಲ್ಲುತ್ತದೆ. ರವಿಕೆಯ ಲೈನಿಂಗಿಗೂ ಇದೇ ಗತಿ. ಬಡಗಿಯ ಮನೆಯಲ್ಲಿ ಬೆಳೆದ ಯೇಸುವಿಗೆ ತೇಪೆಯ ಈ ಒಳಗುಟ್ಟು ಎಲ್ಲಿಂದ ಗೊತ್ತಾಯಿತು? ಮರಿಯಮ್ಮನವರು ತೇಪೆ ಹಾಕುವುದನ್ನು ಪಕ್ಕದಲ್ಲಿ ಕೂತು ನೋಡಿರಬೇಕು ಎಂದು ನಾನು ಅಂದುಕೊಂಡಿದ್ದೇನೆ. ಬೈಬಲಿನಲ್ಲಿ ಹಾಗೆ ಬರೆದಿಲ್ಲ, ಹೊಲಿಗೆ ಟೀಚರಿನ ಊಹೆ ಅಷ್ಟೆ.

ಹಾಗಾಗಿ ನನ್ನ ಪರೀಕ್ಷೆ ಇದು. ನಿಮ್ಮ ಮಾತನ್ನು ಚರ್ಚಿಗೆ ಕಾಲಿಡದ, ಆದರೆ ಕ್ರೋಶಾ ಚೆನ್ನಾಗಿ ಬಲ್ಲ ಒಬ್ಬರು ಕೇಳಿದರೆ "ಹೌದು, ದಾರ ಹಾಗೇ ಮಾಡುತ್ತದೆ" ಅನ್ನಬೇಕು. ಅಷ್ಟಾದರೆ ಮುಂದಿನದನ್ನು ಹೇಳುವ ಹಕ್ಕು ನಿಮಗೆ ಬರುತ್ತದೆ. ಕಡ್ಡಿ ಪವಿತ್ರಾತ್ಮ ಎಂದರೆ ಅವರು ಮುಖ ಮುಖ ನೋಡುತ್ತಾರೆ.

ಈಗ ಶಾಲಿಗೆ ಬರೋಣ.

ಬಿಚ್ಚುವುದರಲ್ಲಿ ಕ್ರೋಶಾದಷ್ಟು ನಿರ್ದಯಿ ಕೆಲಸ ಇನ್ನೊಂದಿಲ್ಲ. ಎರಡು ಕಡ್ಡಿಯ ಸ್ವೆಟರ್ ಹೆಣಿಗೆಯಲ್ಲಿ ಇಡೀ ಸಾಲಿನ ಕುಣಿಕೆಗಳು ಕಡ್ಡಿಯ ಮೇಲೆ ಬಾಯಿ ತೆರೆದುಕೊಂಡು ಕೂತಿರುತ್ತವೆ. ಕ್ರೋಶಾದಲ್ಲಿ ತೆರೆದಿರುವುದು ಒಂದೇ ಒಂದು ಕುಣಿಕೆ, ನಿಮ್ಮ ಕಡ್ಡಿಯ ತುದಿಯಲ್ಲಿರುವುದು. ಹಿಂದಿನವೆಲ್ಲ ಮುಚ್ಚಿಕೊಂಡಿವೆ. ಆ ಒಂದರಿಂದ ಕಡ್ಡಿ ತೆಗೆದು ಎಳೆದರೆ ಒಂದು ವಾರದ ಕೆಲಸ ಒಂದು ನಿಮಿಷದಲ್ಲಿ ಮಡಿಲಿಗೆ ಬೀಳುತ್ತದೆ. (ಇಲ್ಲೇ ಒಂದು ಪಾಠ ಹೆಕ್ಕುವ ಆಸೆ ನನಗೂ ಆಯಿತು. ತಡೆದುಕೊಂಡೆ. ನೀವೂ ತಡೆದುಕೊಳ್ಳಿ.)

ಬಿಚ್ಚಿ ಮತ್ತೆ ಹಾಕುವುದು ಎಂದ ಕೂಡಲೇ ಎಲ್ಲರೂ ಓಡುವುದು ಯೆರೆಮೀಯನ 18ನೇ ಅಧ್ಯಾಯಕ್ಕೆ. ಕುಂಬಾರನ ಕೈಯಲ್ಲಿ ಪಾತ್ರೆ ಕೆಟ್ಟಿತು, ಅವನು ಅದೇ ಮಣ್ಣಿನಿಂದ ತನಗೆ ಸರಿಕಂಡ ಹಾಗೆ ಇನ್ನೊಂದನ್ನು ಮಾಡಿದ. ನೀವೂ ಬಹುಶಃ ಅದನ್ನೇ ಬರೆದುಕೊಂಡಿದ್ದೀರಿ. ಆದರೆ ದಾರ ಮಣ್ಣಿನಂತಲ್ಲ. ಹಸಿ ಮಣ್ಣನ್ನು ಮುದ್ದೆ ಮಾಡಿ ಮತ್ತೆ ತಿಗರಿಯ ಮೇಲಿಟ್ಟರೆ ಹಿಂದಿನ ಪಾತ್ರೆಯ ಗುರುತು ಎಳ್ಳಷ್ಟೂ ಉಳಿಯುವುದಿಲ್ಲ. ಬಿಚ್ಚಿದ ದಾರ ಎಲ್ಲವನ್ನೂ ನೆನಪಿಟ್ಟುಕೊಂಡಿರುತ್ತದೆ. ನಿಮ್ಮ ಮಡಿಲಿಗೆ ಬಿದ್ದ ಆ ಹದಿನಾಲ್ಕು ಸುತ್ತಿನ ದಾರವನ್ನು ಒಮ್ಮೆ ನೋಡಿ. ಎಲ್ಲೆಲ್ಲಿ ಕುಣಿಕೆ ಇತ್ತೋ ಅಲ್ಲೆಲ್ಲ ಡೊಂಕು ನಿಂತಿರುತ್ತದೆ. ಹೊಸ ಉಂಡೆಯ ದಾರದ ಪಕ್ಕ ಇಟ್ಟರೆ ಕುರುಡರಿಗೂ ಬೆರಳಲ್ಲಿ ಗೊತ್ತಾಗುತ್ತದೆ. ತೊಳೆದು, ಭಾರ ಕಟ್ಟಿ ತೂಗುಹಾಕಿದರೆ ಬಹುಪಾಲು ನೆಟ್ಟಗಾಗುತ್ತದೆ. ಪೂರ್ತಿ ಹೋಗುವುದು ಅಪರೂಪ. ಆದರೂ ಆ ದಾರದಲ್ಲಿ ಶಾಲು ಆಗುತ್ತದೆ, ಮಗುವಿಗೆ ಬೆಚ್ಚಗೂ ಇರುತ್ತದೆ.

ಇದಕ್ಕೆ ಹೊಂದುವ ಜಾಗ ಬೈಬಲಿನಲ್ಲಿ ಯಾವುದು? ನನಗೆ ಕಾಣುವುದು ಯೊವಾನ್ನನ ಶುಭಸಂದೇಶದ 20ನೇ ಅಧ್ಯಾಯ. ಪುನರುತ್ಥಾನರಾದ ಯೇಸು ಶಿಷ್ಯ ತೋಮನಿಗೆ ಕೈ ತೋರಿಸುತ್ತಾರೆ. ಮೊಳೆಯ ಗಾಯ ಇನ್ನೂ ಇದೆ. ಸಾವನ್ನೇ ಗೆದ್ದ ದೇಹ, ಗೋಡೆ ಬಾಗಿಲು ಲೆಕ್ಕಕ್ಕಿಲ್ಲದ ದೇಹ, ಅಂಗೈಯ ತೂತನ್ನು ಮಾತ್ರ ಮುಚ್ಚಿಕೊಂಡಿಲ್ಲ. ತೋಮ ಗುರುತು ಹಿಡಿದದ್ದು ಆ ಗಾಯದಿಂದಲೇ. ದೇವರು ಹೊಸದು ಮಾಡುತ್ತಾರೆ ಎಂದರೆ ಹಿಂದಿನದನ್ನು ಅಳಿಸಿಹಾಕುತ್ತಾರೆ ಎಂದು ನಾವು ಸುಮ್ಮನೆ ಅಂದುಕೊಂಡುಬಿಟ್ಟಿದ್ದೇವೆ. ಕುಂಬಾರನ ಉಪಮೆ ಒಂದನ್ನೇ ಹೇಳುತ್ತಾ ಬಂದದ್ದರಿಂದ ಹಾಗಾಗಿರಬಹುದು. ಮಣ್ಣಿನ ಮಾತು ಯೆರೆಮೀಯನ ಕಾಲದ ಇಡೀ ಇಸ್ರಾಯೇಲಿಗೆ ಹೇಳಿದ್ದು, ಅಲ್ಲಿ ಅದು ಸರಿ. ಒಬ್ಬೊಬ್ಬರ ಬದುಕಿಗೆ ಬಂದರೆ ನನಗೆ ದಾರವೇ ಹತ್ತಿರ. ತವರಿನವರೊಡನೆ ಮಾತು ಬಿಟ್ಟು, ಹತ್ತು ವರ್ಷದ ಮೇಲೆ ಮತ್ತೆ ಹೋಗಿ ಬಂದವರನ್ನು ಕೇಳಿ. ಸಂಬಂಧ ಮತ್ತೆ ಹೆಣೆದುಕೊಂಡಿರುತ್ತದೆ. ಡೊಂಕು ಇರುತ್ತದೆ.

ನೀವು ಹೇಳಲು ಬರುತ್ತಿಲ್ಲ ಅಂದದ್ದು ಇದೇ ಇರಬಹುದು, ಬೇರೆಯದೂ ಇರಬಹುದು. ಆ ದಾರವನ್ನು ಬೆರಳಲ್ಲಿ ಹಿಡಿದು ಸ್ವಲ್ಪ ಹೊತ್ತು ಕೂತುಕೊಳ್ಳಿ. ಸಭೆಗೂ ಅದನ್ನೇ ತೆಗೆದುಕೊಂಡು ಹೋಗಿ, ಹೆಂಗಸರ ಕೈಗೆ ಕೊಟ್ಟು ದಾಟಿಸಿ. ಐದು ನಿಮಿಷದ ಮಾತು ಉಳಿಯುತ್ತದೆ. ಅಂದಹಾಗೆ, ದೇವರೊಬ್ಬನೇ ಪರಿಪೂರ್ಣ ಎಂದು ಹಿಂದಿನ ಕಾಲದ ಕುಶಲಕರ್ಮಿಗಳು ಬೇಕೆಂದೇ ಒಂದು ತಪ್ಪು ಹಾಕುತ್ತಿದ್ದರಂತೆ ಎಂಬ ಕತೆ ನಿಮ್ಮ ಪಟ್ಟಿಯಲ್ಲಿದ್ದರೆ ಅದನ್ನೂ ಬಿಡಿ. ನನ್ನ ಅನುಭವದಲ್ಲಿ ತಪ್ಪನ್ನು ಬೇಕೆಂದು ಕರೆಯುವ ಪ್ರಸಂಗವೇ ಬಂದಿಲ್ಲ.

ಇನ್ನು ಹಬ್ಬದ ಹೆಸರು. ಅನ್ನಮ್ಮ ಎಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯ, ಅರಸ ದೊಡ್ಡವೀರರಾಜೇಂದ್ರ ಆಶ್ರಯ ಕೊಟ್ಟ ಕ್ಯಾಥೋಲಿಕರಿಗಾಗಿ 1792ರಲ್ಲಿ ಶುರುವಾದದ್ದು. ಮರಿಯಮ್ಮನವರ ತಾಯಿಯ ಹೆಸರು ಬೈಬಲಿನಲ್ಲಿ ಎಲ್ಲೂ ಇಲ್ಲ. ಅದು ನಮಗೆ ಸಿಕ್ಕಿದ್ದು 2ನೇ ಶತಮಾನದ್ದೆನ್ನುವ, ಬೈಬಲಿಗೆ ಸೇರದ, ಯಾಕೋಬನ ಹೆಸರಿನ ಒಂದು ಬರಹದಿಂದ. ಆ ಹೆಸರು ಮಾತ್ರ ಬೈಬಲಿಗೆ ಹೊಸದಲ್ಲ. ಗ್ರೀಕಿನ ಅನ್ನ ಎಂದರೆ ಹೀಬ್ರೂವಿನ ಹನ್ನ. ಪ್ರವಾದಿ ಸಮುವೇಲನ ತಾಯಿ ಹನ್ನ. ಈ ಹನ್ನ ನಮ್ಮ ಕಸುಬಿನವಳು.

ಮಕ್ಕಳಿಲ್ಲದೆ ಅತ್ತು ಬೇಡಿ ಪಡೆದ ಮಗನನ್ನು, ಹಾಲು ಬಿಡಿಸಿದ ಮೇಲೆ ಶಿಲೋವಿನ ದೇವಾಲಯದಲ್ಲಿ ಬಿಟ್ಟು ಬಂದಳು ಎಂಬವರೆಗೆ ಎಲ್ಲರಿಗೂ ಗೊತ್ತು. ಆಮೇಲಿನ ಒಂದು ವಾಕ್ಯವನ್ನು ಜನ ಓದಿ ದಾಟಿಬಿಡುತ್ತಾರೆ. ಸಮುವೇಲನ ಮೊದಲನೇ ಗ್ರಂಥ, 2ನೇ ಅಧ್ಯಾಯ, 19ನೇ ವಚನ. ಗಂಡನ ಜೊತೆ ವರ್ಷದ ಬಲಿಗೆ ಹೋಗುವಾಗ ತಾಯಿ ಪ್ರತಿ ವರ್ಷ ಅವನಿಗೆ ಒಂದು ಚಿಕ್ಕ ನಿಲುವಂಗಿ ಮಾಡಿಕೊಂಡು ಹೋಗುತ್ತಿದ್ದಳು.

ಕಣ್ಣೆದುರಿಗೆ ಇಲ್ಲದ ಮಗುವಿಗೆ ಬಟ್ಟೆ ಹೊಲಿದವರಿಗೆ ಮಾತ್ರ ಈ ವಾಕ್ಯದ ಕಷ್ಟ ಗೊತ್ತು. ಅಳತೆ ಎಲ್ಲಿದೆ? ಅವಳು ಮಗನನ್ನು ನೋಡಿ ಒಂದು ವರ್ಷ ಆಯಿತು. ಹೋದ ವರ್ಷ ಅವನ ತಲೆ ನನ್ನ ಸೊಂಟಕ್ಕೆ ಬರುತ್ತಿತ್ತು, ಈಗ ಎಲ್ಲಿಗೆ ಬಂದಿರಬಹುದು? ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗನನ್ನು ಕರೆದು ನಿಲ್ಲಿಸಿ ನೋಡಿರುತ್ತಾಳೆ. ತೋಳಿಗೆ ಎರಡು ಬೆರಳು ಜಾಸ್ತಿ ಬಿಟ್ಟಿರುತ್ತಾಳೆ. ನಾನು ಮಂಗಳೂರಿನಲ್ಲಿ ಹಾಸ್ಟೆಲಿನಲ್ಲಿದ್ದ ತಮ್ಮನ ಮಗನಿಗೆ ಹೀಗೇ ಅಂದಾಜಿನಲ್ಲಿ ಒಂದು ಸ್ವೆಟರ್ ಹೆಣೆದೆ. ಅವನು ರಜೆಗೆ ಬಂದಾಗ ತೊಡಿಸಿದರೆ ತೋಳು ಮೊಣಕೈ ದಾಟಿ ಸ್ವಲ್ಪ ಕೆಳಗೆ ನಿಂತಿತು. ಮಂಗಳೂರಿನ ಸೆಕೆಯಲ್ಲಿ ಸ್ವೆಟರ್ ಯಾಕೆ ಎಂದು ತಮ್ಮ ನಕ್ಕದ್ದು ಬೇರೆ ಮಾತು. ಆ ತೋಳನ್ನು ನೋಡಿ ನನಗೆ ಅಳು ಬಂತು. ನನಗೆ ತಿಳಿಯದೆ ಅವನು ಅಷ್ಟು ಬೆಳೆದಿದ್ದ.

ಹನ್ನಳ ಆ ಅಂಗಿಗೆ ಮೂಲದಲ್ಲಿ ಇರುವ ಪದ "ಮೆಯೀಲ್". ಅದೇ ಪದ ಸಮುವೇಲನ ಕತೆಯಲ್ಲಿ ಮತ್ತೆ ಎರಡು ಸಲ ಬರುತ್ತದೆ. 15ನೇ ಅಧ್ಯಾಯದಲ್ಲಿ ಅವನು ಹಿಂತಿರುಗಿ ಹೊರಟಾಗ ಅಂಚು ಹಿಡಿದೆಳೆದು ಹರಿದುಹೋಗುವುದು ಮೆಯೀಲ್. 28ನೇ ಅಧ್ಯಾಯದಲ್ಲಿ ಅವನು ಸತ್ತ ಮೇಲೆ, ಏನು ಕಂಡೆ ಎಂದು ಅರಸ ಸೌಲ ಕೇಳಿದರೆ, ಸತ್ತವರನ್ನು ಕರೆಯುವ ಏಂದೋರಿನ ಹೆಂಗಸು ನಿಲುವಂಗಿ ಹೊದ್ದ ಮುದುಕ ಎನ್ನುತ್ತಾಳೆ. ಆ ನಿಲುವಂಗಿಯೂ ಮೆಯೀಲ್. ಸೌಲನಿಗೆ ಅಷ್ಟರಿಂದಲೇ ಗೊತ್ತಾಯಿತು, ಬಂದವನು ಸಮುವೇಲ ಎಂದು. ಚಿಕ್ಕ ಮಗನಿಗೆ ತಾಯಿ ತೊಡಿಸಿದ ಬಟ್ಟೆಯ ಹೆಸರು ಅವನನ್ನು ಸಮಾಧಿಯಾಚೆಗೂ ಬಿಡಲಿಲ್ಲ. ಇದನ್ನು ಹೇಳಿ ಸುಮ್ಮನಾಗಿ. ಇದರ ಅರ್ಥ ಇಷ್ಟು ಎಂದು ಬಿಡಿಸಲು ಹೋಗಬೇಡಿ. ಹಾಸ್ಟೆಲಿಗೆ, ಗಲ್ಫಿಗೆ, ಬೆಂಗಳೂರಿಗೆ ಮಕ್ಕಳನ್ನು ಕಳಿಸಿದ ತಾಯಂದಿರೇ ಅರ್ಧ ಸಭೆ ತುಂಬಿರುತ್ತಾರೆ, ಅವರು ಬಿಡಿಸಿಕೊಳ್ಳುತ್ತಾರೆ.

ಅನ್ನಮ್ಮನವರ ಹೆಸರು ಸಿಕ್ಕ, ಯಾಕೋಬನ ಹೆಸರಿನ ಆ ಹಳೆಯ ಬರಹದಲ್ಲಿ ಇನ್ನೂ ಒಂದು ಸಂಗತಿ ಇದೆ. ದೇವಾಲಯದ ತೆರೆಗೆ ನೂಲು ತೆಗೆಯಲು ಕನ್ಯೆಯರಿಗೆ ಚೀಟಿ ಹಾಕಿದಾಗ ಕಡುಗೆಂಪು ಮತ್ತು ಧೂಮ್ರ ಬಣ್ಣದ ನೂಲು ಮರಿಯಮ್ಮನವರ ಪಾಲಿಗೆ ಬಂತು ಎನ್ನುತ್ತದೆ. ಪೂರ್ವದೇಶದ ಹಳೆಯ ಚಿತ್ರಗಳಲ್ಲಿ ದೇವದೂತ ಬರುವಾಗ ಆಕೆಯ ಕೈಯಲ್ಲಿ ನೂಲಿನ ಕದಿರು ಇರುವುದು ಇದರಿಂದಲೇ. ಇದು ಸಂಪ್ರದಾಯದ ಕತೆ, ಹಾಗೆಂದೇ ಹೇಳಿ. ಆದರೆ ಆ ಕತೆ ಮನಸ್ಸಿನಲ್ಲಿಟ್ಟುಕೊಂಡು ಶಿಲುಬೆಯ ದಿನವನ್ನು ಓದಿದರೆ ಕಣ್ಣಿಗೆ ಎರಡು ಬಟ್ಟೆ ಬೀಳುತ್ತವೆ. ಒಂದು, ಯೇಸುವಿನ ಒಳ ಅಂಗಿ. ಅದಕ್ಕೆ ಹೊಲಿಗೆ ಇರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ನೇಯ್ಗೆ ಎನ್ನುತ್ತಾನೆ ಯೊವಾನ್ನ. ಹರಿದರೆ ಯಾರಿಗೂ ಉಪಯೋಗವಿಲ್ಲ ಎಂದು ಸೈನಿಕರು ಚೀಟಿ ಹಾಕಿದರು. ಸೈನಿಕರಿಗೂ ಬಟ್ಟೆಯ ಬೆಲೆ ಗೊತ್ತಿತ್ತು! ಇನ್ನೊಂದು ದೇವಾಲಯದ ತೆರೆ. ಅದು ಮೇಲಿನಿಂದ ಕೆಳಗಿನವರೆಗೆ ಹರಿದು ಎರಡಾಯಿತು ಎನ್ನುತ್ತಾನೆ ಮಾರ್ಕ. "ಮೇಲಿನಿಂದ" ಎನ್ನುವುದಕ್ಕೆ ಇಬ್ಬರೂ ಬಳಸಿದ ಗ್ರೀಕ್ ಪದ ಒಂದೇ, "ಆನೋಥೆನ್". ಒಂದೇ ದಿನ, ಮೇಲಿನಿಂದ ನೇಯ್ದದ್ದು ಹರಿಯದೆ ಉಳಿಯಿತು, ತೆರೆ ಮೇಲಿನಿಂದ ಹರಿಯಿತು. ನೀವು ಸುತ್ತುಸುತ್ತಾಗಿ ಹಾಕುವ ಕ್ರೋಶಾ ಟೋಪಿಯನ್ನು ತೋರಿಸಿ ಇದನ್ನು ಹೇಳಬಹುದು. ನೆತ್ತಿಯಿಂದ ಶುರುವಾಗಿ ಕೆಳಗಿಳಿಯುತ್ತದೆ, ಎಲ್ಲೂ ಹೊಲಿಗೆ ಇಲ್ಲ.

ಈಗ ಕಸೂತಿಯ ಹಿಂಭಾಗ. ಇದಕ್ಕೆ ನನ್ನ ಉತ್ತರ ಒಂದೇ: ಹೇಳಬೇಡಿ.

ಉದಾಹರಣೆ ಗೊತ್ತಿಲ್ಲದವರಿಗೆ: ನಾವು ಬದುಕನ್ನು ಕಸೂತಿಯ ಹಿಂಭಾಗದಿಂದ ನೋಡುತ್ತೇವೆ, ಬರೀ ಗಂಟು, ಗೋಜಲು. ದೇವರು ಮುಂಭಾಗದಿಂದ ನೋಡುತ್ತಾರೆ, ಅಲ್ಲಿ ಚೆಂದದ ಹೂವು ಇದೆ. ಕೇಳಲು ಇಂಪಾಗಿದೆ, ನಾನೂ ಎಷ್ಟೋ ವರ್ಷ ಹೇಳಿದ್ದೇನೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜರಿದು ಜನ ಪರಿಹಾರ ಕೇಂದ್ರಗಳಿಗೆ ಬಂದಾಗ ನಾವು ಕೆಲವರು ಬಟ್ಟೆ, ಕಂಬಳಿ ಹಂಚಲು ಹೋಗಿದ್ದೆವು. ಅಲ್ಲಿ ಸಾಂತ್ವನ ಹೇಳಲು ಬಂದಿದ್ದ ಒಬ್ಬರು, ಒಳ್ಳೆಯ ಮನಸ್ಸಿನವರೇ, ಮನೆ ಮಣ್ಣಿನಡಿ ಹೋದ ಒಬ್ಬ ಹೆಂಗಸಿಗೆ ಈ ಕಸೂತಿಯ ಕತೆ ಹೇಳಿದರು. ಆಕೆ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ, "ಹಾಗಾದರೆ ಆ ಸೂಜಿ ನನ್ನ ಮನೆಯ ಮೇಲೇ ಚುಚ್ಚಬೇಕಿತ್ತಾ?" ಅಂದಳು. ಅಂದಿನಿಂದ ನಾನು ಆ ಉದಾಹರಣೆ ಹೇಳಿಲ್ಲ.

ಕಸುಬಿನ ಕಡೆಯಿಂದ ನೋಡಿದರೂ ಅದು ನಿಲ್ಲುವುದಿಲ್ಲ. ಹಿಂಭಾಗ ಗೋಜಲಾಗಿರುವುದು ಕಸೂತಿಯ ಗುಣವಲ್ಲ, ಕಲಿಯುವವಳ ಅವಸರ. ನನ್ನ ತರಗತಿಯಲ್ಲಿ ನಾನು ಅಂಕ ಹಾಕುತ್ತಿದ್ದದ್ದೇ ಬಟ್ಟೆ ತಿರುವಿ ನೋಡಿ. ನಮ್ಮ ಧಾರವಾಡದ ಕಸೂತಿಯನ್ನೇ ತೆಗೆದುಕೊಳ್ಳಿ. ಗಾವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವಂತೆಯೇ ಇಲ್ಲ. ಒಮ್ಮೆ ಎಳೆ ಬಿಟ್ಟು ಎಳೆ ಹೋಗಿ, ಅದೇ ದಾರಿಯಲ್ಲಿ ಹಿಂದಿರುಗಿ ಬಿಟ್ಟ ಜಾಗ ತುಂಬುತ್ತಾರೆ. ಮುಗಿದ ಮೇಲೆ ಹಿಂದೆ ಮುಂದೆ ಎರಡೂ ಒಂದೇ. ಎರಡು ಬದಿಯೂ ಒಂದೇ ಆಗಿ ಕಾಣುವ ಹಾಗೆ ಹಾಕುವ ಹೆಂಗಸರು ನಮ್ಮ ನಾಡಿನಲ್ಲೇ ಇರುವಾಗ, ದೇವರ ಕಸೂತಿಯ ಹಿಂಬದಿ ಗೋಜಲು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಬೈಬಲಿನಲ್ಲಿ ಕಸೂತಿಯ ಮಾತೇ ಇಲ್ಲವೆಂದಲ್ಲ. 139ನೇ ಕೀರ್ತನೆಯಲ್ಲಿ ತಾಯಿಯ ಗರ್ಭದಲ್ಲಿ ನನ್ನನ್ನು ನೇಯ್ದೆ ಎನ್ನುವ ಅರ್ಥದ ಸಾಲಿದೆ. ಎರಡು ವಚನ ದಾಟಿದರೆ, ಭೂಮಿಯ ಆಳದಲ್ಲಿ ನಾನು ರೂಪುಗೊಂಡೆ ಎನ್ನುವಲ್ಲಿ ಮೂಲದ ಪದ "ರುಕ್ಕಮ್ತಿ". ವಿಮೋಚನಾಕಾಂಡದಲ್ಲಿ ದೇವದರ್ಶನದ ಗುಡಾರದ ಪರದೆಗೆ ಬಣ್ಣದ ನೂಲಿನಲ್ಲಿ ಕಸೂತಿ ಹಾಕುವವನನ್ನು "ರೋಕೇಮ್" ಎನ್ನುತ್ತಾರೆ, ಎರಡಕ್ಕೂ ಧಾತು ಒಂದೇ. ನನ್ನನ್ನು ಕಸೂತಿ ಹಾಕಲಾಯಿತು ಎಂದೇ ಕೀರ್ತನೆಗಾರ ಹೇಳುತ್ತಿದ್ದಾನೆ. ಆದರೆ ಯಾರಿಗೆ ಹೇಳುತ್ತಿದ್ದಾನೆ ನೋಡಿ. ದೇವರಿಗೆ. ಯಾರ ಬಗ್ಗೆ? ತನ್ನ ಬಗ್ಗೆ. ತನ್ನ ಬದುಕನ್ನು ತಿರುವಿ ನೋಡಿ, ಇದು ಕಸೂತಿ ಎಂದು ತಾನೇ ಹೇಳಿಕೊಂಡ ಮಾತು ಅದು. ಪಕ್ಕದವಳ ಮಗ ಸತ್ತಾಗ ಅದನ್ನು ತೋರಿಸಿ "ನಿನ್ನದೂ ಕಸೂತಿಯೇ" ಎನ್ನಲು ನಮಗೆ ಯಾರೂ ಅಧಿಕಾರ ಕೊಟ್ಟಿಲ್ಲ. ಕೈಕೆಲಸದಲ್ಲಿ ಸಿಗುವ ಪಾಠಗಳೆಲ್ಲ ಹಾಗೆಯೇ ಎಂದು ನನಗೆ ಅನ್ನಿಸುತ್ತದೆ. ಮಾಡಿದವಳ ಕೈಗೆ ಸಿಕ್ಕಿದ್ದು ಅವಳದು. ಶಾಲು ಬಿಚ್ಚಿದ್ದು ನೀವು, ಅದರ ಮಾತನ್ನು ನೀವು ಆಡಬಹುದು.

ಗೆಳತಿ ಇದ್ದಾಳೆ ಎಂದು ನಿಮ್ಮ ಕೈ ನಡುಗಿತಲ್ಲ, ಆ ನಡುಕ ನಿಮ್ಮ ಹತ್ತು ಪಾಯಿಂಟಿಗಿಂತ ಹೆಚ್ಚು ತಿಳಿದುಕೊಂಡಿದೆ. ಆಕೆಗಾಗಿ ಏನಾದರೂ ಓದಲೇಬೇಕು ಎಂದಿದ್ದರೆ ಪ್ರೇಷಿತರ ಕಾರ್ಯಕಲಾಪಗಳ 9ನೇ ಅಧ್ಯಾಯದ ಕೊನೆ ಓದಿ. ಯೊಪ್ಪ ಊರಿನ ತಬಿಥಾ ಸತ್ತಳು. ಯೇಸುವಿನ ಶಿಷ್ಯ ಪೇತ್ರ ಬಂದಾಗ ವಿಧವೆಯರು ಯಾವ ಉಪದೇಶವನ್ನೂ ಕೊಡಲಿಲ್ಲ, ಕೇಳಲೂ ಇಲ್ಲ. ಅಳುತ್ತಾ ನಿಂತು, ಬದುಕಿದ್ದಾಗ ಅವಳು ಮಾಡಿಕೊಟ್ಟ ಅಂಗಿ, ಮೇಲುಹೊದಿಕೆಗಳನ್ನು ತೋರಿಸಿದರು. ಅಷ್ಟೆ. ಪೇತ್ರನೂ ಅವರಿಗೆ ಏನೂ ವಿವರಿಸಲಿಲ್ಲ, ಎಲ್ಲರನ್ನೂ ಹೊರಗೆ ಕಳಿಸಿ ಮೊಣಕಾಲೂರಿದ. ಸತ್ತವರ ಬಟ್ಟೆಯನ್ನು ಕೈಯಲ್ಲಿ ಹಿಡಿದು ಅಳುವುದು ಧರ್ಮಗ್ರಂಥದಲ್ಲೇ ಇದೆ ಎಂದು ಗೊತ್ತಾದರೆ ಕೆಲವರಿಗೆ ಎದೆ ಸ್ವಲ್ಪ ಹಗುರವಾಗುತ್ತದೆ. ಆಕೆಯ ಬೀರುವಿನಲ್ಲಿ ಮಗನ ಶರ್ಟ್ ಇನ್ನೂ ಇದ್ದೇ ಇರುತ್ತದೆ.

ಅತ್ತೆಯ ಮಾತು ಅರ್ಧ ಸರಿ. ಸರಿಯಲ್ಲದ ಅರ್ಧವನ್ನು ಮೊದಲು ಹೇಳುತ್ತೇನೆ. ಕೈಕೆಲಸ ಮತ್ತು ಪ್ರಾರ್ಥನೆ ಒಂದಕ್ಕೊಂದು ವೈರಿ ಎಂದು ನಮ್ಮ ಹಿರಿಯರು ಯಾವತ್ತೂ ಅಂದುಕೊಂಡಿರಲಿಲ್ಲ. ಈಜಿಪ್ಟಿನ ಮರುಭೂಮಿಯಲ್ಲಿ 3, 4ನೇ ಶತಮಾನದ ಸನ್ಯಾಸಿಗಳು ಖರ್ಜೂರದ ಗರಿಯಲ್ಲಿ ಹಗ್ಗ, ಬುಟ್ಟಿ ಹೆಣೆಯುತ್ತಲೇ ಕೀರ್ತನೆ ಹೇಳುತ್ತಿದ್ದರು. ಸಂತ ಅಂತೋಣಿ ಬೇಸರ ಹಿಡಿದು ಕೂತಿದ್ದಾಗ ತನ್ನಂತೆಯೇ ಕಾಣುವ ಒಬ್ಬನನ್ನು ಕಂಡನಂತೆ. ಅವನು ಕೂತು ಹಗ್ಗ ಹೆಣೆಯುವುದು, ಎದ್ದು ಪ್ರಾರ್ಥಿಸುವುದು, ಮತ್ತೆ ಕೂತು ಹೆಣೆಯುವುದು. ಅವನು ದೇವದೂತನ ರೂಪ, ಹೀಗೆ ಮಾಡಿದರೆ ರಕ್ಷಣೆ ಹೊಂದುವೆ ಎಂದು ಅಂತೋಣಿಗೆ ಕೇಳಿಸಿತಂತೆ. ಪೌಲ ಎಂಬ ಇನ್ನೊಬ್ಬ ಸನ್ಯಾಸಿ ಊರಿನಿಂದ ಬಹಳ ದೂರ ಇದ್ದದ್ದರಿಂದ ಮಾರಲು ಆಗುತ್ತಿರಲಿಲ್ಲ. ವರ್ಷವಿಡೀ ಹೆಣೆದು ಗವಿ ತುಂಬಿದ ಮೇಲೆ ಎಲ್ಲಕ್ಕೂ ಬೆಂಕಿ ಹಚ್ಚಿ ಮತ್ತೆ ಶುರು ಮಾಡುತ್ತಿದ್ದನಂತೆ. ನನಗೆ ಇದು ಸ್ವಲ್ಪ ಅತಿ ಅನ್ನಿಸುತ್ತದೆ. ಆ ಬುಟ್ಟಿಯಲ್ಲಿ ಏನನ್ನಾದರೂ ತುಂಬಿಡಬಹುದಿತ್ತು.

ಇನ್ನು ಅತ್ತೆ ಸರಿಯಾಗಿರುವ ಅರ್ಧ. ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ತನ್ನ ಮಠಕ್ಕೆ ಬರೆದ ನಿಯಮಗಳಲ್ಲಿ 57ನೇ ಅಧ್ಯಾಯವನ್ನು ಕುಶಲಕರ್ಮಿಗಳಿಗೆಂದೇ ಇಟ್ಟಿದ್ದಾನೆ. ಕೈಕೆಲಸ ಬಲ್ಲವರು ವಿನಯದಿಂದ ಮಾಡಲಿ. ನನ್ನಿಂದಲೇ ಮಠಕ್ಕೆ ಲಾಭ ಎಂದು ಯಾರಿಗಾದರೂ ತಲೆಗೇರಿದರೆ ಅವನನ್ನು ಆ ಕೆಲಸದಿಂದ ಬಿಡಿಸಿ. ಮಾರುವಾಗ ಹೊರಗಿನವರಿಗಿಂತ ತುಸು ಕಡಿಮೆ ಬೆಲೆಗೆ ಕೊಡಿ. ಹವ್ಯಾಸ ತಲೆಗೇರಿದೆಯೋ ಇಲ್ಲವೋ ನೋಡಲು ನನ್ನದೊಂದು ಸುಲಭ ದಾರಿ ಇದೆ. ಹಾಕುವುದಕ್ಕಿಂತ ಕೊಳ್ಳುವುದು ಹೆಚ್ಚಾಗಿದೆಯೇ? ನನ್ನ ಬೀರುವಿನ ಕೆಳಗಿನ ಖಾನೆ ಒಂದು ಕಾಲಕ್ಕೆ ಉಣ್ಣೆಯ ಉಂಡೆಗಳಿಂದ ತುಂಬಿತ್ತು. ಸೇಲ್ ಎಂದು ತಂದದ್ದು, ಬಣ್ಣ ಚೆಂದ ಎಂದು ತಂದದ್ದು. ಒಂದು ಆಟಿ ತಿಂಗಳಲ್ಲಿ ತೆರೆದು ನೋಡಿದರೆ ಅರ್ಧ ನುಸಿ, ಅರ್ಧ ಬೂಷ್ಟು. ನುಸಿ ಹಿಡಿಯುವ ಕಡೆ ಗಂಟು ಮಾಡಿಡಬೇಡಿ ಎಂದು ಮತ್ತಾಯನ 6ನೇ ಅಧ್ಯಾಯದಲ್ಲಿ ಯೇಸು ಹೇಳಿದ್ದು ಉಣ್ಣೆ ಬಟ್ಟೆಯೇ ಆಸ್ತಿಯಾಗಿದ್ದ ಕಾಲದ ಜನಕ್ಕೆ. ಕೊಡಗಿನಲ್ಲಿ ನೇರವಾಗಿ ನನಗೇ ಹೇಳಿದಂತಿತ್ತು.

ಜಪಸರದ ವಿಷಯಕ್ಕೆ ಒಂದು ಸೂಚನೆ. ಎರಡನ್ನೂ ಒಟ್ಟಿಗೆ ಮಾಡಲು ಹೋಗಿ ನಾನು ಸೋತಿದ್ದೇನೆ. ಒಂದು ಕುಣಿಕೆಗೆ ಒಂದು ನಮೋ ಮರಿಯ ಎಂದು ಶುರು ಮಾಡಿದರೆ ಹತ್ತಕ್ಕೆ ಹನ್ನೊಂದು ಕುಣಿಕೆ ಆಗಿರುತ್ತದೆ, ಇಲ್ಲವೇ ಪ್ರಾರ್ಥನೆ ಒಂಬತ್ತೇ ಆಗಿರುತ್ತದೆ. ಎಣಿಕೆ ಬೇಕಾದ ಲೇಸ್ ಕೆಲಸಕ್ಕೆ ಗಮನ ಪೂರ್ತಿ ಕೊಡಿ, ಅದೂ ಒಂದು ಮರ್ಯಾದೆಯೇ. ಎಣಿಸದೆ ಕೈ ತಾನೇ ಹೋಗುವ ಉದ್ದನೆಯ ಸಾಲುಗಳಲ್ಲಿ ಮೌನವಾಗಿ ಒಬ್ಬೊಬ್ಬರನ್ನು ನೆನೆಸಿಕೊಳ್ಳಬಹುದು. ಸಂಜೆ ಅತ್ತೆಯ ಜೊತೆ ಕೂತು ಜಪಸರ ಹೇಳುವಾಗ ಕಡ್ಡಿ ಬುಟ್ಟಿಯಲ್ಲಿರಲಿ. ಅತ್ತೆಗೆ ಚಳಿಗಾಲದಲ್ಲಿ ಮೊಣಕಾಲು ನೋವಿದ್ದರೆ ಮುಂದಿನ ಕೆಲಸ ಅವರ ಕಾಲಿಗೆ ಹೊದಿಕೆ ಆಗಲಿ. ಇದನ್ನು ಉಪಾಯ ಎಂದುಕೊಂಡರೂ ಅಡ್ಡಿಯಿಲ್ಲ.

ಇನ್ನೊಂದು, ನೀವು ಕೇಳದಿದ್ದರೂ. ಹಬ್ಬಕ್ಕೆ ಸಂಘದವರು ಸ್ಟಾಲ್ ಹಾಕಿ ಕೈಕೆಲಸ ಮಾರುವುದಿದ್ದರೆ, ತೋಟದ ಲೈನ್ ಮನೆಗಳ ಕೂಲಿ ಹೆಂಗಸರಿಂದ ಏನಾದರೂ ಹಾಕಿಸುವುದಿದ್ದರೆ, ಕೂಲಿ ಸರಿಯಾಗಿ ಕೊಡಿ. 1840ರ ದಶಕದ ಆಲೂಗಡ್ಡೆ ಬರಗಾಲದಲ್ಲಿ ಐರ್ಲೆಂಡಿನ ಕನ್ಯಾಮಠಗಳು ಕ್ರೋಶಾ ಲೇಸ್ ಕಲಿಸಿ ಎಷ್ಟೋ ಮನೆಗಳ ಒಲೆ ಉರಿಯುವಂತೆ ಮಾಡಿದವು. ನಮ್ಮ ದಕ್ಷಿಣದಲ್ಲೂ ನಾಗರಕೋಯಿಲ್, ನರಸಾಪುರದಂಥ ಕಡೆ ಮಿಷನರಿಗಳು ಕಲಿಸಿದ ಲೇಸ್ ಬಡ ಹೆಂಗಸರ ಕೈಗೆ ಕಾಸು ತಂದಿತು. ಮುಂದೆ ಅದೇ ಲೇಸ್ ವ್ಯಾಪಾರವಾದಾಗ ಹೆಣೆದವರಿಗೆ ಚಿಲ್ಲರೆ, ನಡುವಿನವರಿಗೆ ನೋಟು ಎಂಬಂತಾದದ್ದೂ ಉಂಟು. ಯಾಕೋಬನ ಪತ್ರದ 5ನೇ ಅಧ್ಯಾಯ ಇದನ್ನು ನನಗಿಂತ ಖಾರವಾಗಿ ಹೇಳುತ್ತದೆ.

ಇಪ್ಪತ್ತು ನಿಮಿಷಕ್ಕೆ ಇಷ್ಟು ಬೇಡ. ಹನ್ನಳ ಅಂಗಿ ಹತ್ತು ನಿಮಿಷ, ನಿಮ್ಮ ಡೊಂಕು ದಾರ ಐದು ನಿಮಿಷ. ಉಳಿದ ಐದು ನಿಮಿಷ ಹೆಂಗಸರು ತಾವೇ ಮಾತಾಡಲಿ. ಗೆಳತಿಯ ಮನೆಗೆ ಹಬ್ಬಕ್ಕಿಂತ ಮೊದಲು ಒಮ್ಮೆ ಹೋಗಿ ಬನ್ನಿ. ಕೈಯಲ್ಲಿ ಕಡ್ಡಿ ಇರಲಿ. ಸುಮ್ಮನೆ ಎದುರು ಕೂತರೆ ಮಾತು ಹುಡುಕಬೇಕಾಗುತ್ತದೆ, ಕೈಯಲ್ಲಿ ಕೆಲಸ ಇದ್ದರೆ ಇಬ್ಬರೂ ಅದನ್ನೇ ನೋಡುತ್ತಾ ಕೂರಬಹುದು. ಆಕೆಗೆ ಕಲಿಯುವ ಮನಸ್ಸಿದ್ದರೆ ಕೇಳುತ್ತಾಳೆ.

ಬಿಚ್ಚಿದ ದಾರದಲ್ಲಿ ಸಭೆಗೆ ತೋರಿಸಲು ಎರಡು ಮಾರು ಮಾತ್ರ ಹಾಗೇ ಕತ್ತರಿಸಿ ಇಟ್ಟುಕೊಳ್ಳಿ. ಉಳಿದದ್ದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಸಡಿಲವಾಗಿ ಬೇರೆ ದಾರದಲ್ಲಿ ಕಟ್ಟಿ. ಉಗುರು ಬೆಚ್ಚಗಿನ ನೀರಿಗೆ ಒಂದು ಹನಿ ಶಾಂಪೂ ಹಾಕಿ ಅರ್ಧ ಗಂಟೆ ನೆನೆಸಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ. ಲಡಿಯ ಕೆಳತುದಿಗೆ ಒಂದು ಚಮಚವನ್ನೋ ಸಣ್ಣ ಲೋಟವನ್ನೋ ಕಟ್ಟಿ ತೂಗುಹಾಕಿ. ಈ ಮಳೆಯಲ್ಲಿ ಹೊರಗೆ ಒಣಗುವ ಮಾತೇ ಇಲ್ಲ, ಅಡುಗೆಮನೆಯಲ್ಲಿ ಒಲೆಯಿಂದ ದೂರ, ಬಿಸಿ ಗಾಳಿ ತಾಗುವ ಕಡೆ ನಾಲ್ಕೈದು ದಿನ ಬೇಕಾಗುತ್ತದೆ. ಹೊಸ ಉಂಡೆ ಸೇರಿಸುವುದಿದ್ದರೆ ಲೇಬಲ್ಲಿನ ಲಾಟ್ ನಂಬರ್ ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಶಾಲಿನ ಅರ್ಧಕ್ಕೆ ಒಂದು ಬಣ್ಣ, ಇನ್ನರ್ಧಕ್ಕೆ ಇನ್ನೊಂದು ಬಣ್ಣ ಬರುತ್ತದೆ.